ಫಾದರ್ ವರ್ಗವಾದರು, ದೂರು ಎಲ್ಲಿಗೆ ಹೋಯಿತು?

ಪ್ರಶ್ನೆ: ನಾನು ಮಲೆನಾಡಿನ ಒಂದು ಸಣ್ಣ ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಪಾಲನಾ ಸಮಿತಿಯ ಸದಸ್ಯೆ. ನಮ್ಮಲ್ಲಿದ್ದ ಫಾದರ್ ಕಳೆದ ಮಳೆಗಾಲದ ನಡುವೆ ಇದ್ದಕ್ಕಿದ್ದಂತೆ ವರ್ಗವಾದರು. ಬೀಳ್ಕೊಡುಗೆಯೂ ನಡೆಯಲಿಲ್ಲ. ಜ್ಞಾನೋಪದೇಶದ ತರಗತಿಗೆ ಬರುತ್ತಿದ್ದ ಹದಿನೈದರ ಹುಡುಗಿಯೊಬ್ಬಳನ್ನು ಗುರುಮನೆಗೆ, ಅಂದರೆ ಫಾದರ್ ವಾಸದ ಮನೆಗೆ, ಕರೆಸಿಕೊಂಡು ಅಸಭ್ಯವಾಗಿ ನಡೆದುಕೊಂಡಿದ್ದರೆಂದು ಆಮೇಲೆ ಅವಳ ತಾಯಿಯೇ ನನಗೆ ಹೇಳಿದರು. ಬಿಷಪ್ ಹೌಸಿಗೆ ಹೋಗಿ ಹೇಳಿಕೊಂಡಾಗ "ನಾವು ನೋಡಿಕೊಳ್ಳುತ್ತೇವೆ, ನೀವು ಪ್ರಾರ್ಥನೆ ಮಾಡಿ" ಎಂದು ಕಳುಹಿಸಿದರಂತೆ. ಆ ಫಾದರ್ ಈಗ ಇರುವ ಜಾಗದಲ್ಲಿ ಮಕ್ಕಳ ಹಾಸ್ಟೆಲ್ ಇದೆ. ಪೊಲೀಸರ ಹೆಸರೆತ್ತಿದರೆ ಮನೆಯವರು ನಡುಗುತ್ತಾರೆ. ಸಮುದಾಯ ಭವನಕ್ಕೆಂದು ಆ ಫಾದರ್ ಕಾಲದಲ್ಲಿ ಎತ್ತಿದ ಹಣದ ಲೆಕ್ಕವೂ ಸಿಕ್ಕಿಲ್ಲ. ಕೇಳಿದರೆ ಹಿರಿಯರು "ಅಭಿಷೇಕ ಪಡೆದವರ ವಿರುದ್ಧ ಬಾಯಿ ಬಿಡಬಾರದು, ಹೊರಗಿನವರಿಗೆ ನಾವೇ ಅಸ್ತ್ರ ಕೊಟ್ಟ ಹಾಗಾಗುತ್ತದೆ" ಎನ್ನುತ್ತಾರೆ. ಬರುವ ಮೇ ತಿಂಗಳಲ್ಲಿ ನನ್ನ ಮಗಳ ಮದುವೆ ಇರುವುದರಿಂದ ಮನೆಯಲ್ಲೂ ಸುಮ್ಮನಿರು ಎನ್ನುತ್ತಿದ್ದಾರೆ. ನಮ್ಮಂಥ ಸಾಮಾನ್ಯ ವಿಶ್ವಾಸಿಗಳು ಏನು ಮಾಡಬಹುದು?

ಉತ್ತರ: ಮೊದಲು ಹುಡುಗಿಯ ವಿಷಯ. ಭವನದ ಲೆಕ್ಕ ಇನ್ನೆರಡು ತಿಂಗಳು ತಡೆದೀತು, ಇದು ತಡೆಯುವುದಿಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಲೂ ಬೇಡಿ. ಹಾಗೆ ಸೇರಿಸಿ ಬರೆದ ಅರ್ಜಿಗಳಿಗೆ ಏನಾಗುತ್ತದೆಂದು ವಕೀಲಿ ವೃತ್ತಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಹಣದ ಭಾಗಕ್ಕೆ ನಯವಾದ ಉತ್ತರ ಬರುತ್ತದೆ, ಮಗುವಿನ ಭಾಗದ ಸುದ್ದಿಯೇ ಇರುವುದಿಲ್ಲ.

ನೀವು ಕೇಳಿರುವುದು "ಏನು ಮಾಡಬಹುದು" ಎಂದು. ಹುಡುಗಿಯ ವಿಚಾರದಲ್ಲಿ ಕಾನೂನು ನಿಮಗೆ ಆಯ್ಕೆಯನ್ನೇ ಬಿಟ್ಟಿಲ್ಲ. ಹದಿನೆಂಟರೊಳಗಿನವರ ಮೇಲಿನ ಲೈಂಗಿಕ ಅಪರಾಧಗಳಿಗೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಅಂಥ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು ಎಂದು ಅದರ 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲ ಎಂಬ ರಕ್ಷಣೆಯೂ ಅದೇ ಕಲಮಿನಲ್ಲಿದೆ. ತಾಯಿ ಯಾವ ದಿನ ನಿಮ್ಮೆದುರು ಬಾಯಿಬಿಟ್ಟರೋ ಆ ದಿನದಿಂದಲೇ ಈ ಹೊಣೆ ನಿಮ್ಮ ತಲೆಯ ಮೇಲಿದೆ. ನಿಮ್ಮ ಪತ್ರದಲ್ಲಿ ಊರಿನ ಹೆಸರು, ಗುರುಗಳ ಹೆಸರು ಇದ್ದಿದ್ದರೆ ನಾನೂ ಠಾಣೆಗೆ ತಿಳಿಸಬೇಕಾಗುತ್ತಿತ್ತು.

ಬಿಷಪ್ ಹೌಸಿನ ಹೊಣೆ ಇದಕ್ಕಿಂತ ದೊಡ್ಡದು. ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಶಿಕ್ಷೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಧಾರ್ಮಿಕ ಸಂಸ್ಥೆಯ ಸಿಬ್ಬಂದಿ ಆ ಸಂಸ್ಥೆಯಲ್ಲೇ ಮಗುವಿನ ಮೇಲೆ ಕೈಹಾಕಿದರೆ ಅದು ಗುರುತರ ಅಪರಾಧಗಳ ಸಾಲಿಗೆ ಸೇರುತ್ತದೆ. ಲೈಂಗಿಕ ಉದ್ದೇಶದಿಂದ ಮೈಮುಟ್ಟಿದ್ದಕ್ಕೇ ಕನಿಷ್ಠ ಐದು ವರ್ಷದ ಶಿಕ್ಷೆಯಿದೆ. "ನಾವು ನೋಡಿಕೊಳ್ಳುತ್ತೇವೆ" ಎಂದವರಿಗೆ ಇದು ತಿಳಿಯದ ವಿಷಯವೇನೂ ಅಲ್ಲ. ಹಾಗೆ ಹೇಳಿದವರು ಒಳ್ಳೆಯ ಮನಸ್ಸಿನವರೇ ಆಗಿರಬಹುದು. ಕಾನೂನು ಅವರ ಮನಸ್ಸನ್ನು ಕೇಳುವುದಿಲ್ಲ, ಪೊಲೀಸರಿಗೆ ತಿಳಿಸಿದಿರಾ ಎಂದಷ್ಟೇ ಕೇಳುತ್ತದೆ.

ಮನೆಯವರ ಭಯವನ್ನು ಹಗುರವಾಗಿ ಕಾಣಬೇಡಿ. ನೂರು ಮನೆಯ ಧರ್ಮಕೇಂದ್ರದಲ್ಲಿ ಯಾರ ಮನೆಗೆ ಜೀಪು ಬಂತು ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಅವರ ಕಣ್ಣೆದುರು ಇರುವ ಠಾಣೆ ಹಳೆಯ ಕಾಲದ ಠಾಣೆ. ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಆರಿಸಿದ ಜಾಗದಲ್ಲಿ ಪಡೆಯಬೇಕು. ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರದಲ್ಲಿ ಬರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹುಡುಗಿಯಾದರೆ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಪೊಲೀಸರು ಇಪ್ಪತ್ತನಾಲ್ಕು ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಕೊಡಬೇಕು. ಮೊಕದ್ದಮೆ ಮುಗಿಯುವವರೆಗೆ ಮಗುವಿನ ಜೊತೆ ನಿಲ್ಲಲು ಆ ಸಮಿತಿ ಒಬ್ಬ ಸಹಾಯಕರನ್ನು ನೇಮಿಸಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರೂ ಸಿಗುತ್ತಾರೆ. ಇದೆಲ್ಲ ಚಾಚೂ ತಪ್ಪದೆ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ನಡೆಯದಿದ್ದಾಗ ಬೆರಳು ತೋರಿಸಿ ಕೇಳಲು ಕಲಮುಗಳಿವೆ.

ಹಾಗಾಗಿ ಮೊದಲು ತಾಯಿಯ ಹತ್ತಿರ ಹೋಗಿ, ನೀವೊಬ್ಬರೇ. ಸಮಿತಿಯನ್ನು ಕಟ್ಟಿಕೊಂಡು ಹೋಗಬೇಡಿ. ನನಗೆ ತಿಳಿದ ಮೇಲೆ ಸುಮ್ಮನಿರಲು ಕಾನೂನು ಬಿಡುವುದಿಲ್ಲ, ನಿಮ್ಮ ಜೊತೆಗೆ ನಾನು ಬರುತ್ತೇನೆ ಎಂದು ನೇರವಾಗಿ ಹೇಳಿ. ಠಾಣೆ ಎಂದರೆ ತೀರಾ ಅಂಜುವುದಾದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿ ಅಥವಾ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ, ಅಲ್ಲಿಂದಲೂ ವಿಷಯ ಪೊಲೀಸರಿಗೆ ತಲುಪುತ್ತದೆ. ಹುಡುಗಿಯನ್ನು ನೀವು ಮತ್ತೆ ಪ್ರಶ್ನೆ ಮಾಡಬಾರದು. ನಿಮ್ಮ ಪಾಲನಾ ಸಮಿತಿಯ ಮುಂದೆ ನಿಲ್ಲಿಸುವುದಂತೂ ಕೂಡದು. ಹತ್ತು ಜನ ಹತ್ತು ರೀತಿಯಲ್ಲಿ ಕೇಳಿ ಅವಳು ಹತ್ತು ರೀತಿಯಲ್ಲಿ ಹೇಳಿದರೆ, ನ್ಯಾಯಾಲಯದಲ್ಲಿ ಎದುರು ವಕೀಲರು ಹಿಡಿಯುವುದು ಅದನ್ನೇ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲನ್ನೂ ಹಾಕಬೇಡಿ. ಮಗುವಿನ ಹೆಸರಷ್ಟೇ ಅಲ್ಲ, ಮನೆ, ಶಾಲೆ, ಕೇರಿ, ಹೀಗೆ ಗುರುತು ಹತ್ತುವ ಯಾವುದನ್ನು ಬಯಲು ಮಾಡಿದರೂ ಅಪರಾಧ. ನ್ಯಾಯ ಕೊಡಿಸಲು ಹೊರಟವರೇ ಆ ಮಗುವನ್ನು ಊರೆದುರು ನಿಲ್ಲಿಸಿದ ಉದಾಹರಣೆಗಳಿವೆ.

ಇನ್ನು ಬಿಷಪ್ ಹೌಸ್. ನಮ್ಮವರ ಅಭ್ಯಾಸ ನಿಮಗೂ ಗೊತ್ತು. ಬೆಳಗಿನ ಬಸ್ ಹಿಡಿದು ಹೋಗುವುದು, ವರಾಂಡದ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರುವುದು, ಒಳಗೆ ಕರೆದಾಗ ಎದ್ದು ನಿಂತು ಅರ್ಧ ಹೇಳಿ ಅರ್ಧ ಅಳುವುದು. ಒಳಗಿನವರು ಮರುಗುತ್ತಾರೆ, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ, ಒಂದು ಜಪಸರ ಕೊಟ್ಟು ಕಳುಹಿಸುತ್ತಾರೆ. ಹೊರಗೆ ಬಂದಾಗ ಕೈಯಲ್ಲಿ ಜಪಸರ ಇರುತ್ತದೆ, ಹೋಗಿದ್ದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಒಂದು ವರ್ಷ ಕಳೆದ ಮೇಲೆ "ಅಂಥ ದೂರು ನಮಗೆ ಬಂದೇ ಇಲ್ಲ" ಎಂದರೆ ನೀವು ಯಾವ ಕಾಗದ ತೋರಿಸುತ್ತೀರಿ?

ಧರ್ಮಸಭೆಗೆ, ಅಂದರೆ ಕಥೋಲಿಕ ಚರ್ಚಿಗೆ, ತನ್ನದೇ ಕಾನೂನು ಸಂಹಿತೆ ಇದೆ. ಅದು ನಡೆಯುವುದು ಕಾಗದ ಮತ್ತು ದಿನಾಂಕಗಳ ಮೇಲೆ. ಸಾಮಾನ್ಯ ವಿಶ್ವಾಸಿಗಳಿಗೆ ಅದರಲ್ಲಿ ಹಿಡಿಯಲು ಸಿಗುವ ಗಟ್ಟಿ ಹಿಡಿಕೆಯೂ ಅದೊಂದೇ. ಆದ್ದರಿಂದ ಬರೆಯಿರಿ. ಧರ್ಮಾಧ್ಯಕ್ಷರ, ಅಂದರೆ ಬಿಷಪರ ಹೆಸರಿಗೆ, ಒಂದೇ ಪುಟ, ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್. ಕಣ್ಣೀರು, ಬೈಗುಳ, ಬೈಬಲ್ ವಾಕ್ಯ ಯಾವುದೂ ಬೇಡ. ಇಷ್ಟಿದ್ದರೆ ಸಾಕು:

"ಇಂಥ ದಿನ ಈ ಕುಟುಂಬದವರು ತಮ್ಮ ಕಚೇರಿಗೆ ಬಂದು ಒಬ್ಬ ಅಪ್ರಾಪ್ತೆಯ ವಿಷಯದಲ್ಲಿ ಇಂಥ ಗುರುಗಳ ಮೇಲೆ ದೂರು ಹೇಳಿದ್ದಾರೆ. ಆ ಬಗ್ಗೆ ಪ್ರಾಥಮಿಕ ವಿಚಾರಣೆಗೆ ಆದೇಶವಾಗಿದೆಯೇ? ಆಗಿದ್ದರೆ ಯಾವ ದಿನಾಂಕದಂದು? ಪೊಲೀಸರಿಗೆ ಮಾಹಿತಿಯನ್ನು ಯಾರು, ಯಾವಾಗ ಕೊಟ್ಟಿದ್ದಾರೆ? ವಿಚಾರಣೆ ಮುಗಿಯುವವರೆಗೆ ಆ ಗುರುಗಳು ಮಕ್ಕಳ ನಡುವೆ ಸೇವೆ ಮಾಡದಂತೆ ಯಾವ ನಿರ್ಬಂಧ ವಿಧಿಸಿದ್ದೀರಿ? ದಯವಿಟ್ಟು ಲಿಖಿತ ನಿರ್ಧಾರ ಕೊಡಿ."

ಈ ಪ್ರಶ್ನೆಗಳು ಸಂಹಿತೆಯಿಂದಲೇ ಎತ್ತಿದವು. ನಂಬಲರ್ಹವೆನಿಸುವ ದೂರು ಬಂದರೆ ಪ್ರಾಥಮಿಕ ವಿಚಾರಣೆ ನಡೆಸಬೇಕೆಂದು 1717ನೇ ವಿಧಿ ಹೇಳುತ್ತದೆ. ಅಪ್ರಾಪ್ತರ ವಿಷಯವಾದರೆ ಆ ಕಡತ ಧರ್ಮಾಧ್ಯಕ್ಷರ ಮೇಜಿನಲ್ಲಿ ನಿಲ್ಲುವಂತಿಲ್ಲ, ರೋಮ್‌ನ ವಿಶ್ವಾಸ ಸಿದ್ಧಾಂತ ವಿಭಾಗಕ್ಕೆ ಹೋಗಬೇಕು. ವಿಚಾರಣೆ ಶುರುವಾದ ದಿನದಿಂದಲೇ ಆ ಗುರುವನ್ನು ಸೇವೆಯಿಂದ ದೂರವಿಡುವ, ಎಲ್ಲಿ ಇರಬೇಕು, ಎಲ್ಲಿ ಇರಬಾರದು ಎಂದು ವಿಧಿಸುವ ಅಧಿಕಾರ ಧರ್ಮಾಧ್ಯಕ್ಷರಿಗಿದೆ. ಹಾಸ್ಟೆಲ್ ಇರುವ ಕಡೆಗೆ ವರ್ಗ ಮಾಡುವುದು ಈ ಪೈಕಿ ಯಾವುದೂ ಅಲ್ಲ. ಹಳೆಯ ಮಾತು, ಮರೆತುಬಿಡಿ ಎಂದರೂ ಒಪ್ಪಬೇಡಿ. ಸಂತ್ರಸ್ತ ಮಗುವಿಗೆ ಹದಿನೆಂಟು ತುಂಬಿದ ಮೇಲೂ ಇಪ್ಪತ್ತು ವರ್ಷ ಈ ಅಪರಾಧದ ಕಾಲಮಿತಿ ಧರ್ಮಸಭೆಯ ಕಾನೂನಿನಲ್ಲಿ ಮುಗಿಯುವುದಿಲ್ಲ.

ಉತ್ತರ ಬರದಿದ್ದರೆ? ಇಲ್ಲಿಯೇ ಆ ಕಾಗದ ಕೆಲಸಕ್ಕೆ ಬರುವುದು. ನ್ಯಾಯವಾಗಿ ನಿರ್ಧಾರ ಕೇಳಿದವರಿಗೆ ಮೂರು ತಿಂಗಳಲ್ಲಿ ಉತ್ತರ ಕೊಡದಿದ್ದರೆ ಕೋರಿಕೆಯನ್ನು ನಿರಾಕರಿಸಿದಂತೆಯೇ ಎಂದು 57ನೇ ವಿಧಿ ಪರಿಗಣಿಸುತ್ತದೆ. ನಿರಾಕರಣೆಯಾದರೆ ಮೇಲಿನವರಿಗೆ ಮೊರೆ ಹೋಗಬಹುದು. ಮೌನವನ್ನೂ ಪ್ರಶ್ನಿಸಲು ಬರುತ್ತದೆ ಎಂಬುದು ನಮ್ಮ ಜನರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಗೊತ್ತಿಲ್ಲ, ಕೆಲವು ಗುರುಗಳಿಗೂ ಗೊತ್ತಿದ್ದಂತಿಲ್ಲ. ಆದರೆ ಮೇಲ್ಮನವಿಯ ಗಡುವು ತೀರಾ ಚಿಕ್ಕದು, ಹದಿನೈದು ದಿನದ ಲೆಕ್ಕ. ಹಬ್ಬ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ಕೂತರೆ ಅವಕಾಶ ಕೈತಪ್ಪುತ್ತದೆ. ಪತ್ರ ಹಾಕಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಧರ್ಮಾಧ್ಯಕ್ಷರೇ ಮುಚ್ಚಿಹಾಕುತ್ತಿದ್ದಾರೆ ಎನ್ನಲು ಆಧಾರವಿದ್ದರೆ ದಾರಿ ಬೇರೆ. 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ "ವೋಸ್ ಎಸ್ತಿಸ್ ಲುಕ್ಸ್ ಮುಂದಿ" ಎಂಬ ಶಾಸನ ಹೊರಡಿಸಿದರು. ಪ್ರಯೋಗಕ್ಕೆಂದು ಬಂದ ಅದು 2023ರಲ್ಲಿ ಪರಿಷ್ಕರಣೆಗೊಂಡು ಖಾಯಂ ಆಯಿತು. ಅದರ ಪ್ರಕಾರ ದೂರು ಸ್ವೀಕರಿಸಲು ಜನರಿಗೆ ಸುಲಭವಾಗಿ ಎಟಕುವ ವ್ಯವಸ್ಥೆಯೊಂದು ಪ್ರತಿ ಧರ್ಮಪ್ರಾಂತ್ಯದಲ್ಲೂ (ಒಬ್ಬ ಬಿಷಪರ ಆಡಳಿತ ಪ್ರದೇಶ) ಇರಬೇಕು. ವಿಷಯ ತಿಳಿದ ಗುರುಗಳು, ಸಿಸ್ಟರುಗಳು ಅದನ್ನು ವರದಿ ಮಾಡಲೇಬೇಕು. ದೂರು ಕೊಟ್ಟವರ ಬಾಯಿಗೆ ಬೀಗ ಹಾಕುವಂತಿಲ್ಲ, ಅವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. "ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಬೈಬಲ್ ಮುಟ್ಟಿ ಹೇಳಿ" ಎಂದು ಯಾರಾದರೂ ಕೇಳಿದರೆ ಅದು ಪೋಪರ ಶಾಸನಕ್ಕೇ ವಿರುದ್ಧ. ದೇಶದ ಕಾನೂನಿನಂತೆ ಪೊಲೀಸರಿಗೆ ತಿಳಿಸುವ ಹೊಣೆಗೂ ಈ ಶಾಸನ ಅಡ್ಡ ಬರುವುದಿಲ್ಲ, ಅದನ್ನೂ ಬರೆದೇ ಇಟ್ಟಿದ್ದಾರೆ. ತನಿಖೆಗೆ ಅಡ್ಡಿ ಮಾಡಿದ ಅಥವಾ ಅದನ್ನು ತಪ್ಪಿಸಿದ ಧರ್ಮಾಧ್ಯಕ್ಷರ ಮೇಲೆಯೇ ದೂರು ಕೊಡಬಹುದು ಎಂಬುದು ಇದರ ಮುಖ್ಯ ಭಾಗ.

ಯಾರಿಗೆ ಎಂಬುದು ನಿಮ್ಮ ಧರ್ಮಕೇಂದ್ರ ಎಲ್ಲಿ ಸೇರಿದೆ ಎನ್ನುವುದರ ಮೇಲಿದೆ. ನೀವು ಹೇಳಿಲ್ಲ, ಹೇಳದಿದ್ದುದು ಒಳ್ಳೆಯದೇ. ಮಲೆನಾಡಿನಲ್ಲಿ ಇದು ಅಷ್ಟು ಸರಳವಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಲ್ಯಾಟಿನ್ ಪಂಥದ ಚರ್ಚುಗಳು 1988ರಲ್ಲಿ ಆದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರುತ್ತವೆ. ಕೊಪ್ಪ, ಮೂಡಿಗೆರೆಯ ಕಡೆಯವು 1963ರ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ. ಎರಡಕ್ಕೂ ಮೇಲಿನವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರು. ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ (ಪೋಪರ ಅಧೀನದಲ್ಲೇ ಇರುವ ಒಂದು ಪೂರ್ವ ಪಂಥ) ಕುಟುಂಬಗಳು 2007ರಲ್ಲಿ ಸ್ಥಾಪನೆಯಾದ ಭದ್ರಾವತಿ ಧರ್ಮಪ್ರಾಂತ್ಯದವರು. ಅವರಿಗೆ ಪೂರ್ವ ಸಭೆಗಳ 1990ರ ಸಂಹಿತೆ ಅನ್ವಯ, ವಿಧಿಗಳ ಸಂಖ್ಯೆಯೂ ಮೇಲಿನ ಅಧಿಕಾರಿಗಳೂ ಬೇರೆ. ಪಕ್ಕಪಕ್ಕದ ಎರಡು ಚರ್ಚುಗಳ ದೂರು ಎರಡು ದಿಕ್ಕಿಗೆ ಹೋಗಬೇಕಾದೀತು. ನೀವು ಲ್ಯಾಟಿನ್ ಪಂಥದವರಾದರೆ ಧರ್ಮಾಧ್ಯಕ್ಷರ ಮೇಲಿನ ದೂರನ್ನು ಬೆಂಗಳೂರಿಗೂ ಬರೆಯಬಹುದು, ದೆಹಲಿಯಲ್ಲಿರುವ ಪೋಪರ ರಾಯಭಾರಿಯ ಮೂಲಕ ನೇರವಾಗಿ ರೋಮಿಗೂ ಬರೆಯಬಹುದು. ರಾಯಭಾರ ಕಚೇರಿಗೆ ಬರೆಯುವಾಗ ಕನ್ನಡ ಪ್ರತಿಯ ಜೊತೆ ಇಂಗ್ಲಿಷ್ ಅನುವಾದವನ್ನೂ ಇಡಿ.

ಇದರಿಂದ ಏನಾದರೂ ಆಗುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಪತ್ರದ ಸಾಲುಗಳ ನಡುವೆ ಅದೇ ಅನುಮಾನ ಕಾಣುತ್ತದೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಮೈಸೂರಿನಲ್ಲಿ ಧರ್ಮಾಧ್ಯಕ್ಷರ ಮೇಲೆ ಗಂಭೀರ ಆರೋಪಗಳನ್ನು ಹೊರಿಸಿ 2019ರಲ್ಲಿ 37 ಗುರುಗಳು ರೋಮಿಗೆ ಪತ್ರ ಬರೆದರು. ಆರೋಪಗಳನ್ನು ಧರ್ಮಾಧ್ಯಕ್ಷರು ನಿರಾಕರಿಸಿದರು. 2023ರ ಜನವರಿಯಲ್ಲಿ ಅವರನ್ನು ರಜೆಯ ಮೇಲೆ ಕಳುಹಿಸಿ, ಬೆಂಗಳೂರಿನ ನಿವೃತ್ತ ಮಹಾಧರ್ಮಾಧ್ಯಕ್ಷರನ್ನು ಆಡಳಿತಾಧಿಕಾರಿಯಾಗಿ ನೇಮಿಸಿದರು. ಗುರುಗಳೇ ಬರೆದರೂ ನಡುವೆ ಮೂರು ವರ್ಷ ಕಳೆದಿತ್ತು. ಕೇರಳದ ಪ್ರಕರಣದಲ್ಲಿ ಜಲಂಧರದ ಧರ್ಮಾಧ್ಯಕ್ಷರ ಮೇಲೆ ಕನ್ಯಾಸ್ತ್ರೀಯೊಬ್ಬರು ಅತ್ಯಾಚಾರದ ದೂರು ಕೊಟ್ಟಾಗ ಆಕೆಯ ಸಹಸೋದರಿಯರು 2018ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಲ್ಲಿ ಬೀದಿಗಿಳಿದು ಕೂರಬೇಕಾಯಿತು. ಬಂಧನ ಆದದ್ದು ಆಮೇಲೆ. 2022ರ ಜನವರಿಯಲ್ಲಿ ಕೊಟ್ಟಾಯಂ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು, 2023ರಲ್ಲಿ ಅವರು ಪದವಿಗೆ ರಾಜೀನಾಮೆ ಕೊಟ್ಟರು. ಅಂದರೆ ನ್ಯಾಯಾಲಯದ ತೀರ್ಪು ಒಂದು, ಧರ್ಮಸಭೆಯ ಲೆಕ್ಕ ಇನ್ನೊಂದು. ಒಂದರ ನೆಪದಲ್ಲಿ ಇನ್ನೊಂದನ್ನು ನಿಲ್ಲಿಸುವಂತಿಲ್ಲ.

ಇವೆರಡಕ್ಕಿಂತ ನಿಮಗೆ ಹತ್ತಿರದ್ದು ಕಣ್ಣೂರು ಜಿಲ್ಲೆಯ ಕೊಟ್ಟಿಯೂರಿನ ಪ್ರಕರಣ. ಅಪ್ರಾಪ್ತ ಹುಡುಗಿಯೊಬ್ಬಳು ಮಗುವಿಗೆ ಜನ್ಮ ಕೊಟ್ಟಿದ್ದಳು. ಆರೋಪಿ ಆ ಊರಿನ ಚರ್ಚಿನ ಗುರು, ಶಾಲೆಯ ಆಡಳಿತವೂ ಅವರ ಕೈಯಲ್ಲೇ ಇತ್ತು. ವಿಚಾರಣೆಯ ಹೊತ್ತಿಗೆ ಹುಡುಗಿ ಮತ್ತು ಅವಳ ತಂದೆತಾಯಿ ಪ್ರತಿಕೂಲ ಸಾಕ್ಷಿಗಳಾದರು. ಆದರೂ ಡಿಎನ್ಎ ಪರೀಕ್ಷೆ ಮತ್ತು ದಾಖಲೆಗಳ ಆಧಾರದ ಮೇಲೆ ತಲಶ್ಶೇರಿಯ ಪೋಕ್ಸೊ ನ್ಯಾಯಾಲಯ 2019ರ ಫೆಬ್ರುವರಿಯಲ್ಲಿ 20 ವರ್ಷದ ಕಠಿಣ ಶಿಕ್ಷೆ ವಿಧಿಸಿತು. ಆಮೇಲೆ ರೋಮ್ ಅವರನ್ನು ಗುರುಪದವಿಯಿಂದಲೇ ತೆಗೆದುಹಾಕಿತು. ನಿಮ್ಮ ಊರಿನ ಮನೆಯವರು ನಾಳೆ ಹಿಂದೆ ಸರಿದರೂ ಸರಿಯಬಹುದು. ಅದಕ್ಕೆ ಅವರನ್ನು ದೂರಬೇಡಿ, ಮೊಕದ್ದಮೆ ಅಲ್ಲಿಗೇ ಸತ್ತಿತೆಂದೂ ತಿಳಿಯಬೇಡಿ.

ಈಗ ಹಿರಿಯರ ಮಾತಿಗೆ ಬರುತ್ತೇನೆ. "ನನ್ನ ಅಭಿಷಿಕ್ತರನ್ನು ಮುಟ್ಟಬೇಡಿ" ಎಂಬ ಕೀರ್ತನೆಯ ಸಾಲನ್ನು ಅವರು ಎತ್ತುತ್ತಾರೆ. ಆ ಕೀರ್ತನೆ ಹೇಳುವುದು ನೆಲೆಯಿಲ್ಲದೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಕೋಬರ ಕುರಿತು. ಬಲವಿಲ್ಲದವರನ್ನು ರಾಜರ ಕೈಯಿಂದ ಕಾಪಾಡಿದ ಮಾತು ಅದು. ಅದನ್ನು ತಂದು ಮಗುವಿನ ಎದುರು ದೊಡ್ಡವರ ರಕ್ಷಣೆಗೆ ನಿಲ್ಲಿಸಿದರೆ ತಲೆಕೆಳಗಾಯಿತು. ನಮ್ಮ ವಿಷಯಕ್ಕೆ ನೇರವಾಗಿ ಬರುವುದು ಸಮುವೇಲನ ಮೊದಲ ಗ್ರಂಥದಲ್ಲಿರುವ ಏಲಿಯ ಕಥೆ. ಏಲಿ ಶಿಲೋವಿನ ದೇವಾಲಯದ ಪ್ರಧಾನ ಯಾಜಕ, ಅವನ ಮಕ್ಕಳೂ ಯಾಜಕರು. ಅವರು ಜನ ತಂದ ಬಲಿಯ ಮಾಂಸವನ್ನು ಬಲವಂತದಿಂದ ಕಿತ್ತುಕೊಳ್ಳುತ್ತಿದ್ದರು, ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರ ಜೊತೆ ಕೆಟ್ಟದಾಗಿ ನಡೆಯುತ್ತಿದ್ದರು. ಹಣದ ದೂರು, ಹೆಣ್ಣಿನ ದೂರು, ಎರಡೂ ಒಟ್ಟಿಗೆ ಅಲ್ಲೇ ಇವೆ. ಏಲಿಗೆ ಎಲ್ಲ ಗೊತ್ತಿತ್ತು. ಕರೆದು ಬುದ್ಧಿಯನ್ನೂ ಹೇಳಿದ, ಕೆಲಸದಿಂದ ಮಾತ್ರ ತೆಗೆಯಲಿಲ್ಲ. ದೇವರ ಶಿಕ್ಷೆ ಬಂದದ್ದು ಮಕ್ಕಳ ಮೇಲೆ ಮಾತ್ರವಲ್ಲ, ತಿಳಿದೂ ತಡೆಯದಿದ್ದ ಏಲಿಯ ಮನೆತನದ ಮೇಲೆ. ಆ ತೀರ್ಪನ್ನು ದೇವರು ತಿಳಿಸಿದ್ದು ದೇವಾಲಯದಲ್ಲಿ ಮಲಗುತ್ತಿದ್ದ ಬಾಲಕ ಸಮುವೇಲನಿಗೆ. ಮಾರನೆಯ ಬೆಳಿಗ್ಗೆ ಹೇಳಲು ಹೆದರಿದ ಹುಡುಗನನ್ನು ಏಲಿಯೇ ಕರೆದು, ಒಂದನ್ನೂ ಮುಚ್ಚಿಡದೆ ಹೇಳು ಎಂದ. ಆ ಮುದುಕನಲ್ಲಿ ಅಷ್ಟಾದರೂ ನೇರವಿತ್ತು.

ದೋಷಿ ಗುರುಗಳ ಕೈಯಿಂದ ಪಡೆದ ದೀಕ್ಷಾಸ್ನಾನ, ಮದುವೆ, ಪಾಪಕ್ಷಮೆ ನಿಲ್ಲುತ್ತವೆಯೇ ಎಂಬ ಅಳುಕೂ ಕೆಲವರಿಗಿರುತ್ತದೆ. ನಿಲ್ಲುತ್ತವೆ. ಗುರುವಿನ ಯೋಗ್ಯತೆಯಿಂದ ಸಂಸ್ಕಾರ ಕೆಡುವುದಿಲ್ಲ ಎಂಬುದು ಸಂತ ಅಗಸ್ಟೀನರ ಕಾಲದಿಂದ ಇತ್ಯರ್ಥವಾದ ಮಾತು. ಆ ಭರವಸೆ ಇರುವುದು ಜನರಿಗಾಗಿ, ತಪ್ಪು ಮಾಡಿದ ಗುರುವಿನ ರಕ್ಷಣೆಗೆ ಅಲ್ಲ.

"ಹೊರಗಿನವರಿಗೆ ಅಸ್ತ್ರ" ಎಂಬ ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು, ಉಡುಪಿ, ಚಿಕ್ಕಮಗಳೂರು ಕಡೆ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ಒಂಟಿ ಮನೆಗಳಲ್ಲಿದ್ದ ನಮ್ಮವರು ರಾತ್ರಿ ನಿದ್ದೆ ಮಾಡಲಿಲ್ಲ. ತೋಟದ ನಡುವೆ ಒಂದು ಮನೆ, ಮೈಲಿ ದೂರಕ್ಕೆ ಇನ್ನೊಂದು. ಹಿರಿಯರ ಹೆದರಿಕೆ ಅಲ್ಲಿಂದ ಬಂದದ್ದು, ಅದು ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನೀವೇ ಹೋಗಿ ದೂರು ಕೊಟ್ಟರೆ "ಧರ್ಮಕೇಂದ್ರದವರೇ ಮಗುವಿನ ಪರ ನಿಂತರು" ಎಂಬುದು ಸುದ್ದಿ. ಇನ್ನೆರಡು ವರ್ಷದಲ್ಲಿ ಆ ಹಾಸ್ಟೆಲ್‌ನಿಂದ ಮತ್ತೊಂದು ಮಗುವಿನ ದೂರು ಬಂದು, ನಿಮ್ಮೂರಿನವರಿಗೆ ಮೊದಲೇ ಗೊತ್ತಿತ್ತು ಎಂದು ಬಯಲಾದರೆ? ಅಮೆರಿಕದ ಬಾಸ್ಟನ್ನಿನಲ್ಲಿ ಆದದ್ದು ಅದೇ. 2002ರ ಜನವರಿಯಲ್ಲಿ ಪತ್ರಿಕೆ ಹೊರಗೆಳೆದದ್ದು ಗುರುಗಳ ಅಪರಾಧಕ್ಕಿಂತ ಹೆಚ್ಚಾಗಿ, ತಿಳಿದೂ ತಿಳಿದೂ ಅವರನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ಸಾಗಿಸಿದ ಕಡತಗಳನ್ನು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಕಾರ್ಡಿನಲ್ ರಾಜೀನಾಮೆ ಕೊಡಬೇಕಾಯಿತು. ಆ ಊರಿನ ಕಥೋಲಿಕರನ್ನು ಜನ ಕೇಳಿದ ಪ್ರಶ್ನೆ, ನಿಮಗೆ ಗೊತ್ತಿರಲಿಲ್ಲವೇ ಎಂದು.

ಇನ್ನೊಂದು ಕಡೆಯನ್ನೂ ಹೇಳಬೇಕು. ನಮ್ಮ ಧರ್ಮಕೇಂದ್ರಗಳ ದೂರುಗಳೆಲ್ಲ ಶುದ್ಧವಲ್ಲ. ಪೂಜೆ ಕನ್ನಡದಲ್ಲೋ ಕೊಂಕಣಿಯಲ್ಲೋ ತಮಿಳಿನಲ್ಲೋ ಎಂಬ ಜಗಳ, ಸಮಿತಿಯ ಚುನಾವಣೆಯಲ್ಲಿ ಸೋತ ಸಿಟ್ಟು, ಚರ್ಚಿನ ಜಾಗದ ಗಡಿಯ ತಕರಾರು ನಡತೆಯ ದೂರಿನ ವೇಷ ಹಾಕಿ ಬರುವುದುಂಟು. ಆರೋಪ ಸಾಬೀತಾಗುವವರೆಗೆ ಗುರುವನ್ನು ನಿರಪರಾಧಿಯೆಂದೇ ಕಾಣಬೇಕೆಂದು 2021ರಲ್ಲಿ ಪರಿಷ್ಕರಿಸಿದ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಹೆಸರು ಕೆಡದಂತೆ ಕಾಪಾಡಿಕೊಳ್ಳುವ ಹಕ್ಕು ಅವರಿಗೂ ಇದೆ. ನಿಜವಾಗಿ ತಪ್ಪು ಮಾಡದ ಗುರುವಿಗೂ ನಡುರಾತ್ರಿಯ ವರ್ಗಾವಣೆಯಿಂದ ನ್ಯಾಯ ಸಿಗುವುದಿಲ್ಲ. ಹೋದಲ್ಲೆಲ್ಲ ಪಿಸುಮಾತು ಹಿಂದೆಯೇ ಬರುತ್ತದೆ, ಅದನ್ನು ಅಳಿಸುವ ತೀರ್ಪು ಎಲ್ಲಿಯೂ ಇರುವುದಿಲ್ಲ. ಆದ್ದರಿಂದ ನಿಮ್ಮ ಪತ್ರದಲ್ಲಿ ನೀವು ಕಂಡದ್ದು, ತಾಯಿ ನಿಮಗೆ ಹೇಳಿದ್ದು, ಊರವರು ಆಡಿಕೊಂಡದ್ದು ಬೇರೆಬೇರೆಯಾಗಿರಲಿ. ಮೂರನೆಯದನ್ನು ಬಿಟ್ಟೇಬಿಟ್ಟರೆ ಇನ್ನೂ ಒಳ್ಳೆಯದು.

ಭವನದ ಹಣಕ್ಕೆ ಬರೋಣ. ಈ ವಿಷಯದಲ್ಲಿ ನಿಮ್ಮ ಕೈ ನೀವು ಅಂದುಕೊಂಡದ್ದಕ್ಕಿಂತ ಬಲವಾಗಿದೆ. ಪಾಲನಾ ಸಮಿತಿ ಇರಬೇಕೋ ಬೇಡವೋ ಎಂಬುದು ಧರ್ಮಾಧ್ಯಕ್ಷರ ತೀರ್ಮಾನ. ಆರ್ಥಿಕ ಸಮಿತಿ ಹಾಗಲ್ಲ, ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕೆಂದು 537ನೇ ವಿಧಿಯೇ ಹೇಳುತ್ತದೆ. ನಿಮ್ಮಲ್ಲಿ ಇದೆಯೇ, ಕೊನೆಯ ಸಭೆಯ ನಡಾವಳಿ ಪುಸ್ತಕ ಎಲ್ಲಿದೆ ಎಂದು ಮೊದಲು ಕೇಳಿ. ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕು (1267), ವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನು ವಿಶ್ವಾಸಿಗಳಿಗೆ ಕೊಡಬೇಕು (1287). ಭವನದ ಹಣ ಕಾರಿನ ಡೀಸೆಲ್ಲಿಗೆ ಹೋಗಿದ್ದರೆ ಅದು ತಪ್ಪೇ, ಗುರುಮನೆಯ ಮಾಡಿನ ಹೆಂಚಿಗೆ ಹೋಗಿದ್ದರೂ ತಪ್ಪೇ.

ಲೆಕ್ಕ ಕೇಳುವವರು ಬ್ಯಾಂಕ್ ಪಾಸ್‌ಬುಕ್ಕಿನಿಂದ ಶುರು ಮಾಡುತ್ತಾರೆ. ನೀವು ಹಬ್ಬದ ಹರಾಜಿನಿಂದ ಶುರು ಮಾಡಿ. ನಮ್ಮ ಕಡೆ ಹಣ ಒಳಗೆ ಬರುವ ಬಾಗಿಲು ಅದು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಬಾಳೆಗೊನೆ, ಹುಂಜ, ಹಲಸಿನ ಹಣ್ಣು, ಜೇನಿನ ಬಾಟಲಿ ಸಾಲಾಗಿ ಇಡುತ್ತಾರೆ. ಒಂದೇ ತೆಂಗಿನಕಾಯಿಯನ್ನು ಕೂಗಿದವರು ಮತ್ತೆ ಚರ್ಚಿಗೇ ಕೊಟ್ಟು, ಅದು ಮೂರು ಸಲ ಹರಾಜಾಗುತ್ತದೆ. ಯುವಕ ಸಂಘದ ಹುಡುಗನೊಬ್ಬ ಮಡಿಲಲ್ಲಿ ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು ಹೆಸರು, ವಸ್ತು, ಮೊತ್ತ ಬರೆಯುತ್ತಾನೆ. ಅರ್ಧದಷ್ಟು ಜನ ಆಮೇಲೆ ಕೊಡುತ್ತೇವೆ ಎಂದು ಸಾಲ ಬರೆಸುತ್ತಾರೆ. ಆ ನೋಟ್‌ಬುಕ್ ಇನ್ನೂ ಆ ಹುಡುಗನ ಮನೆಯಲ್ಲಿರುವ ಸಂಭವ ಹೆಚ್ಚು. ಅದರ ಜೊತೆಗೆ ಮನೆಮನೆಗೆ ಕೊಟ್ಟ ರಸೀದಿಗಳನ್ನು ವಾಳೆಯ ಗುರ್ಕಾರರ (ಧರ್ಮಕೇಂದ್ರದ ಒಂದೊಂದು ವಾರ್ಡಿನ ಮುಖಂಡರು) ಮೂಲಕ ಒಟ್ಟುಮಾಡಿ. ಒಳಗೆ ಬಂದದ್ದು ಎಷ್ಟು ಎಂದು ನಿಮ್ಮ ಕೈಯಲ್ಲಿ ಮೊತ್ತವಿದ್ದರೆ, ಅವರು ತೋರಿಸುವ ಪಾಸ್‌ಬುಕ್ ತಾನಾಗಿ ಮಾತಾಡುತ್ತದೆ. ಹೊರಗೆ ಹೋದದ್ದಕ್ಕೆ ಕಲ್ಲು, ಸಿಮೆಂಟಿನ ಬಿಲ್ಲು ಕೇಳಿ. ಬಹುತೇಕ ಸಲ ಸಿಗುವುದು ಕಳ್ಳತನಕ್ಕಿಂತ ಹೆಚ್ಚಾಗಿ ಅಡ್ಡಾದಿಡ್ಡಿ. ಆದರೂ ಕೇಳಬೇಕು. ಹಣ ನಿಜವಾಗಿ ನುಂಗಿದ್ದೆಂದು ದಾಖಲೆ ಹೇಳಿದರೆ ಅದು ನಂಬಿಕೆ ದ್ರೋಹದ ಅಪರಾಧ, ಮತ್ತೆ ಠಾಣೆಯ ವಿಷಯ. 2021ರ ಪರಿಷ್ಕರಣೆಯ ನಂತರ ಧರ್ಮಸಭೆಯ ಕಾನೂನಿನಲ್ಲೂ ಹಣದ ಅಪರಾಧಕ್ಕೆ ಪ್ರತ್ಯೇಕ ವಿಧಿ ಇದೆ.

ಲೆಕ್ಕ ಕೇಳುವ ಪತ್ರಕ್ಕೆ ಒಬ್ಬರೇ ಸಹಿ ಹಾಕಬೇಡಿ. ಐದಾರು ಮನೆಯವರು ಇರಲಿ, ಅದರಲ್ಲಿ ಎಲ್ಲ ಭಾಷೆಯ ಮನೆಗಳೂ ಇರಲಿ. ಧರ್ಮಸಭೆಯ ಪಾಲಕರಿಗೆ ತಮ್ಮ ಅಭಿಪ್ರಾಯ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು ಎಂದು 212ನೇ ವಿಧಿ ಹೇಳುತ್ತದೆ. ಯಾರಾದರೂ "ಸಾಮಾನ್ಯರಿಗೇಕೆ ಇದೆಲ್ಲ" ಎಂದರೆ ಆ ಸಂಖ್ಯೆ ಹೇಳಿ. ಸಿಯೆನಾದ ಸಂತ ಕ್ಯಾಥರೀನ್ ಬಟ್ಟೆಗೆ ಬಣ್ಣ ಹಾಕುವವನ ಮಗಳು, ಮಠ ಸೇರಿದ ಕನ್ಯಾಸ್ತ್ರೀಯೂ ಅಲ್ಲ. ಪೋಪರಿಗೇ ಖಾರವಾದ ಪತ್ರ ಬರೆದವಳು. ಅವಳನ್ನು ಧರ್ಮಸಭೆ ಸಂತಳನ್ನಾಗಿ ಮಾಡಿದ್ದಲ್ಲದೆ 1970ರಲ್ಲಿ ಧರ್ಮಸಭೆಯ ಆಚಾರ್ಯೆ ಎಂದೂ ಘೋಷಿಸಿತು.

ಮಗಳ ಮದುವೆಯ ಬಗ್ಗೆ. ದೂರು ಕೊಟ್ಟರೆಂಬ ಕಾರಣಕ್ಕೆ ಯಾವ ಗುರುವೂ ಸಂಸ್ಕಾರವನ್ನು ನಿರಾಕರಿಸುವಂತಿಲ್ಲ. ಸರಿಯಾಗಿ ಕೇಳಿದವರಿಗೆ, ಕಾನೂನಿನ ಅಡ್ಡಿ ಇಲ್ಲದವರಿಗೆ ಕೊಡಲೇಬೇಕು (843). ಇದು ಮದುವೆಗೂ ಸಲ್ಲುತ್ತದೆ, ಸಾವಿನ ಮನೆಗೂ ಸಲ್ಲುತ್ತದೆ. ನಿಮ್ಮಲ್ಲಿ ಈಗ ಇರುವ ಗುರುಗಳು ಹೊಸಬರು. ಹಳೆಯವರ ವಿಷಯಕ್ಕೆ ಇವರನ್ನು ಎದುರಾಳಿ ಮಾಡಿಕೊಳ್ಳಬೇಡಿ. ಪತ್ರ ಕಳುಹಿಸುವ ಮೊದಲು ಹೋಗಿ, ಇಂಥ ಪತ್ರ ಹೋಗುತ್ತಿದೆ ಎಂದು ಅವರಿಗೆ ಮುಖಾಮುಖಿ ಹೇಳಿ. ವಿಷಯ ತಿಳಿದ ಮೇಲೆ ವರದಿ ಮಾಡುವ ಹೊಣೆ ಅವರಿಗೂ ಬರುತ್ತದೆ, ಅದನ್ನೂ ಮೆತ್ತಗೆ ನೆನಪಿಸಿ. ಮದುವೆಯ ಕಾಗದಪತ್ರಗಳ ಕೆಲಸವನ್ನು ಮಾರ್ಚ್ ತಿಂಗಳಲ್ಲೇ ಶುರು ಮಾಡಿ: ಇಬ್ಬರ ದೀಕ್ಷಾಸ್ನಾನದ ಪ್ರಮಾಣಪತ್ರ ಆರು ತಿಂಗಳೊಳಗಿನದಾಗಿರಲಿ, ವಿವಾಹ ಸಿದ್ಧತಾ ಶಿಬಿರದ ಪತ್ರವೂ ಕೈಯಲ್ಲಿರಲಿ. ಮದುವೆಗೆ ಮುಂಚೆ ಚರ್ಚಿನಲ್ಲಿ ಓದುವ ಪ್ರಕಟಣೆಗೆ ಯಾರಾದರೂ ತಕರಾರು ತೆಗೆದರೆ ಕಾರಣವನ್ನು ಬರೆದುಕೊಡಿ ಎಂದು ಕೇಳಿ. ಬರೆದುಕೊಡುವವರು ಕಡಿಮೆ. ಕೊಟ್ಟರೆ ಅದರ ಪ್ರತಿಯನ್ನು ಅದೇ ದಿನ ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಿ, ಮದುವೆ ನಡೆಸಿಕೊಡಲು ಬೇರೆ ಗುರುಗಳಿಗೆ ಅಧಿಕಾರ ಕೊಡುವಂತೆ ಕೋರಿ. ಮೇ ತಿಂಗಳಿಗೆ ಇನ್ನೂ ಸಮಯವಿದೆ. ಹುಡುಗಿಯ ತಾಯಿಯ ಮನೆಗೆ ಈ ವಾರವೇ ಹೋಗಿ.